ಆಗರದ ಮಣ್ಣಿನಲ್ಲಿ ತೋಟ

ಆಂಟಾಪ್ ಹಿಲ್‌ನಲ್ಲಿ ಕೊಕರಿ ಆಗರ ಎಂಬ ಹೆಸರಿನ ಜಾಗವೊಂದಿದೆ. ವಿಳಾಸ ಬರೆಯುವಾಗ, ಟ್ಯಾಕ್ಸಿಯವನಿಗೆ ದಾರಿ ಹೇಳುವಾಗ ದಿನವೂ ಬಾಯಲ್ಲಿ ಬರುವ ಈ ಹೆಸರಿನ ಎರಡನೆಯ ಶಬ್ದ ನಮಗೆ, ಅದರಲ್ಲೂ ಕರಾವಳಿಯವರಿಗೆ, ಅಪರಿಚಿತವಲ್ಲ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯಲ್ಲಿ ಉಪ್ಪು ಬೆಳೆಯುವ ಗದ್ದೆಗಳಿಗೆ ಆಗರ ಎಂದೇ ಹೆಸರು. ಅಲ್ಲಿ ದುಡಿಯುತ್ತ ಬಂದ ಸಮುದಾಯಕ್ಕೆ ಆಗೇರರು ಎನ್ನುತ್ತಾರೆ. ಮುಂಬಯಿಯ ಉಪ್ಪಿನ ಗದ್ದೆಗಳಲ್ಲಿ ದುಡಿದವರು ಆಗ್ರಿಗಳು. ಮರಾಠಿಯಲ್ಲಿ ಈ ಶಬ್ದಕ್ಕೆ ಇನ್ನೊಂದು ಅರ್ಥವೂ ಇದೆ. ಕೊಂಕಣದಲ್ಲಿ ಮನೆಯ ಸುತ್ತಲಿನ ತೆಂಗು, ಅಡಿಕೆಯ ತೋಟವೂ ಆಗರವೇ. ಒಂದೇ ಶಬ್ದದಲ್ಲಿ ಉಪ್ಪೂ ಇದೆ, ತೋಟವೂ ಇದೆ.

ಆಂಟಾಪ್ ಹಿಲ್, ವಡಾಲ, ಸಾಯನ್, ಮಾಟುಂಗ ಸುತ್ತಲಿನ ತೋಟಗಳ ಇತಿಹಾಸವನ್ನು ಈ ಎರಡು ಅರ್ಥಗಳ ನಡುವೆ ಇಟ್ಟು ನೋಡಬಹುದು. ಉಪ್ಪುನೀರು ನಿಲ್ಲುತ್ತಿದ್ದ ನೆಲದಲ್ಲಿ, ತಮ್ಮದಲ್ಲದ ಜಾಗದಲ್ಲಿ, ಊರುಬಿಟ್ಟು ಬಂದ ಜನ ಗಿಡ ನೆಟ್ಟ ಕಥೆ ಇದು. ಇಂದು ಇಲ್ಲಿನ ಕಟ್ಟಡಗಳ ಹಿತ್ತಿಲಲ್ಲಿ, ಟೆರೇಸಿನಲ್ಲಿ, ರಸ್ತೆ ಬದಿಯ ಪಾತಿಗಳಲ್ಲಿ ಭಾನುವಾರ ಬೆಳಿಗ್ಗೆ ಗುದ್ದಲಿ ಹಿಡಿಯುವ ಸಣ್ಣ ಗುಂಪುಗಳು ಈ ಕಥೆಯ ಕೊನೆಯ ಅಧ್ಯಾಯ. ಅವರಲ್ಲಿ ನಮ್ಮವರೂ ಇದ್ದಾರೆ. ಆದ್ದರಿಂದ ಹಿಂದಿನವರು ಏನು ಮಾಡಿದರು, ಅವರ ಗಿಡಗಳು ಏನಾದವು ಎಂಬುದನ್ನು ಒಮ್ಮೆ ನೋಡುವುದು ಒಳ್ಳೆಯದು.

ಮೊದಲು ನೆಲದ ಮಾತು. ಮುಂಬಯಿ ದ್ವೀಪದ ಪೂರ್ವದಂಚಿನ ಈ ಭಾಗ ತಗ್ಗು ಪ್ರದೇಶ. ಭರತದ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುತ್ತಿದ್ದ ಗದ್ದೆಗಳು ಇಲ್ಲಿದ್ದವು. 1915ರಲ್ಲಿ ಬಲ್ಲಾರ್ಡ್ ಪಿಯರ್‌ನಿಂದ ವಡಾಲದವರೆಗೆ ಪೋರ್ಟ್ ಟ್ರಸ್ಟ್‌ನ ರೈಲು ಬಂತು. ಅದರ ಬೆನ್ನಿಗೆ ಗೋದಾಮುಗಳು ಬಂದವು. 1930ರ ಮೇ, ಜೂನ್‌ನಲ್ಲಿ ವಡಾಲದ ಉಪ್ಪಿನ ಕೋಠಿಗಳ ಮೇಲೆ ಸತ್ಯಾಗ್ರಹಿಗಳು ಅಲೆಯಲೆಯಾಗಿ ನುಗ್ಗಿದರು; ಜೂನ್ 1ರಂದು ಸ್ವಯಂಸೇವಕರೂ ನೋಡಲು ಬಂದವರೂ ಸೇರಿ ಸುಮಾರು 15,000 ಜನ ಇಲ್ಲಿ ನೆರೆದಿದ್ದರು. ಅದೇ ವರ್ಷದ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಿತ್ತು. ಮುಂಬಯಿಯ ಉಪ್ಪಿನ ಸತ್ಯಾಗ್ರಹದ ಮುಂಚೂಣಿಯಲ್ಲಿದ್ದ ಕಮಲಾದೇವಿ ಚಟ್ಟೋಪಾಧ್ಯಾಯರು ಮಂಗಳೂರಿನಲ್ಲಿ ಹುಟ್ಟಿದವರು. ಸ್ವಯಂಸೇವಕ ಎಂಬ ಶಬ್ದ ಈ ನೆಲದಲ್ಲಿ ಮೊದಲು ದೊಡ್ಡದಾಗಿ ಕೇಳಿಸಿದ್ದು ಉಪ್ಪಿಗಾಗಿ.

ಇಂಥ ನೆಲದಲ್ಲಿ ಗಿಡ ನೆಡುವವನಿಗೆ ಎದುರಾಗುವ ತೊಂದರೆ ಸರಳ. ಉಪ್ಪಿರುವ ಮಣ್ಣಿನಲ್ಲಿ ನೀರಿದ್ದರೂ ಬೇರು ಅದನ್ನು ಹೀರಲಾರದು. ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ತೆಂಗು, ಹೊಂಗೆ, ಚಿಕ್ಕು ಒಂದಿಷ್ಟು ಸಹಿಸುತ್ತವೆ, ಸೊಪ್ಪು ತರಕಾರಿ ಸಹಿಸುವುದಿಲ್ಲ. ತಗ್ಗನ್ನು ತುಂಬಿಸಲು ಸುರಿದ ಕಟ್ಟಡದ ಒಡಕು, ಇಟ್ಟಿಗೆ ಚೂರು, ಸಿಮೆಂಟು ಮೇಲಿನಿಂದ. ಉಪ್ಪು ಕಳೆಯಲು ಇಲ್ಲಿ ಇರುವ ದೊಡ್ಡ ಸಹಾಯವೆಂದರೆ ಮುಂಬಯಿಯ ಮಳೆ. ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುವ 2,000 ಮಿಲಿಮೀಟರಿಗೂ ಹೆಚ್ಚಿನ ಮಳೆ ಮಣ್ಣಿನ ಉಪ್ಪನ್ನು ಕರಗಿಸಿ ಕೆಳಕ್ಕೆ ಇಳಿಸುತ್ತದೆ. ಆದರೆ ನೀರು ಹರಿದುಹೋಗಲು ದಾರಿ ಇರಬೇಕು. ನಿಂತರೆ ಬೇರು ಕೊಳೆಯುತ್ತದೆ. ಹೀಗಾಗಿ ಇಲ್ಲಿನ ತೋಟಗಾರಿಕೆಯ ಮೊದಲ ಕೆಲಸ ಬೀಜದ್ದಲ್ಲ, ಮಣ್ಣಿನದು. ಪಾತಿಯನ್ನು ನೆಲಕ್ಕಿಂತ ಒಂದಡಿ ಎತ್ತರ ಮಾಡುವುದು, ಒಣಗಿದ ಎಲೆ ಕೂಡಿಸುವುದು, ಗೊಬ್ಬರ ಮಾಡುವುದು: ಇದರಲ್ಲೇ ಮೊದಲ ವರ್ಷ ಕಳೆಯುತ್ತದೆ.

ಈ ಭಾಗಕ್ಕೆ ತೋಟದ ಸಂಘ ಎಂಬುದು ಹೊಸದೇನಲ್ಲ. 1830ರಲ್ಲಿ ಮುಂಬಯಿಯಲ್ಲಿ ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕಾ ಸಂಘ ಹುಟ್ಟಿತು. ವ್ಯಾಪಾರಿಗಳು, ಅಧಿಕಾರಿಗಳು, ವೈದ್ಯರು ಚಂದಾ ಹಾಕಿ ನಡೆಸುತ್ತಿದ್ದ ಸಂಘ ಅದು. ಜಗನ್ನಾಥ ಶಂಕರಸೇಟ್ ಅದರ ಪ್ರಮುಖರಲ್ಲಿ ಒಬ್ಬರು. ಅದರ ತೋಟ ಇದ್ದದ್ದು ಆಂಟಾಪ್ ಹಿಲ್‌ಗೆ ಮೂರ್ನಾಲ್ಕು ಕಿಲೋಮೀಟರ್ ದಕ್ಷಿಣಕ್ಕೆ, ಶಿವ್ಡಿಯಲ್ಲಿ. ಆಮೇಲೆ ಸಂಘ ಭಾಯಖಳದಲ್ಲಿ ಹೊಸ ತೋಟ ಕಟ್ಟಿತು. 1862ರಲ್ಲಿ ತೆರೆದ ಆ ವಿಕ್ಟೋರಿಯಾ ಗಾರ್ಡನ್ಸ್ ಜನರ ಬಾಯಲ್ಲಿ ರಾಣಿಬಾಗ್ ಆಯಿತು. ಇಂದಿನ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. ಸಂಘ ಬಿಟ್ಟುಹೋದ ಶಿವ್ಡಿಯ ಜಾಗವನ್ನು 1865ರಲ್ಲಿ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್ ಕ್ರೈಸ್ತರ ಸ್ಮಶಾನಕ್ಕೆ ಪಡೆದರು. ಇಂದಿಗೂ ಅಲ್ಲಿ ಸ್ಮಶಾನವೇ ಇದೆ.

ಸಂಘ 1873ರಲ್ಲಿ ಮುಗಿಯಿತು. ತೋಟ ಮಾತ್ರ ಮುಗಿಯಲಿಲ್ಲ, ಏಕೆಂದರೆ ಅದರ ಹೊಣೆಯನ್ನು ಮುನಿಸಿಪಾಲಿಟಿ ವಹಿಸಿಕೊಂಡಿತು. ಶಿವ್ಡಿಯ ತೋಟಕ್ಕೆ ಮುಂದೆ ನೋಡಿಕೊಳ್ಳುವವರು ಸಿಗಲಿಲ್ಲ, ಭಾಯಖಳದ್ದಕ್ಕೆ ಸಿಕ್ಕರು. ಒಂದೇ ಸಂಘದ ಎರಡು ತೋಟಗಳ ಹಣೆಬರಹ ಹೀಗೆ ಬೇರೆಯಾಯಿತು. ಮುನಿಸಿಪಾಲಿಟಿಗೆ ಒಪ್ಪಿಸಿದ ಮೇಲೂ ಜನರ ಕೆಲಸ ತೀರಲಿಲ್ಲ. ಸುಮಾರು 130 ವರ್ಷಗಳ ನಂತರ, 2007ರ ಹೊತ್ತಿಗೆ, ರಾಣಿಬಾಗಿನ ಪ್ರಾಣಿಸಂಗ್ರಹಾಲಯವನ್ನು ದೊಡ್ಡದಾಗಿ ಬದಲಾಯಿಸುವ ಯೋಜನೆ ಬಂದಾಗ, ಕೆಲವು ಮಹಿಳೆಯರು ಸೇರಿ ಅಲ್ಲಿನ ಮರಗಳನ್ನು ಗುರುತಿಸಿ, ಜಾತಿವಾರು ಪಟ್ಟಿ ಮಾಡಿ, ಇದು ಸಸ್ಯೋದ್ಯಾನ ಎಂದು ವರ್ಷಗಟ್ಟಲೆ ವಾದಿಸಿದರು. 3,000ಕ್ಕೂ ಹೆಚ್ಚು ಮರಗಳ ಆ ತೋಟ ಇಂದು ಉಳಿದಿರುವುದರಲ್ಲಿ ಅವರ ಪಾಲು ದೊಡ್ಡದು. ಅವರ ಕೈಯಲ್ಲಿದ್ದ ಆಯುಧ ಪೆನ್ನು ಮತ್ತು ನೋಟುಬುಕ್ಕು.

ಎರಡನೆಯ ಅಧ್ಯಾಯ ಪ್ಲೇಗಿನಿಂದ ಶುರುವಾಗುತ್ತದೆ. 1896ರ ಪ್ಲೇಗು ಗಿಜಿಗುಡುವ ಗಲ್ಲಿಗಳ ನಗರವನ್ನು ನಡುಗಿಸಿದ ಮೇಲೆ, 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗ, ವಡಾಲ, ಸಾಯನ್ ಕಡೆಯ ಗದ್ದೆ, ಜವುಗು, ಹಾಳುಭೂಮಿಯನ್ನು ಅಳೆದು, ಅಗಲ ರಸ್ತೆ ಹಾಕಿ, ನಡುವೆ ಗಾಳಿಗೆ ಜಾಗ ಬಿಟ್ಟು ಬಡಾವಣೆ ಮಾಡುವ ಕೆಲಸ ಅದರದ್ದು. ಈ ಟ್ರಸ್ಟಿನಲ್ಲಿ ಎಂಜಿನಿಯರಾಗಿದ್ದ ಮಂಚೇರ್ಜಿ ಎದುಲ್ಜಿ ಜೋಶಿ ಕೆಳಮಧ್ಯಮ ವರ್ಗದ ಪಾರ್ಸಿ ಕುಟುಂಬಗಳಿಗಾಗಿ ನಿವೇಶನ ಬಿಡಿಸಿಕೊಂಡು ದಾದರ್ ಪಾರ್ಸಿ ಕಾಲೊನಿ ಕಟ್ಟಿಸಿದರು. ಒಂದೊಂದು ರಸ್ತೆಗೆ ಒಂದೊಂದು ಜಾತಿಯ ಮರ ಎಂಬುದು ಅವರ ಯೋಚನೆ: ಫಿರ್ದೌಸಿ ರಸ್ತೆಗೆ ಮಹಾಗನಿ, ಜಾಮ್-ಎ-ಜಮ್ಷೆಡ್ ರಸ್ತೆಗೆ ಅಶೋಕ. ಪಕ್ಕದ ಐದು ತೋಟಗಳ ಗುಂಪಿಗೆ, ನಾವು ಫೈವ್ ಗಾರ್ಡನ್ಸ್ ಎಂದು ಕರೆಯುವ ಜಾಗಕ್ಕೆ, ಅವರದೇ ಹೆಸರಿದೆ.

ಪಾರ್ಸಿ ಕಾಲೊನಿಯ ಮರಗಳು ನೂರು ವರ್ಷ ಬದುಕಲು ಎಂಜಿನಿಯರ್ ಒಬ್ಬರ ಕನಸು ಮಾತ್ರ ಸಾಲುತ್ತಿರಲಿಲ್ಲ. ಅಲ್ಲಿನ ನಿವಾಸಿಗಳು ಸಂಘ ಕಟ್ಟಿಕೊಂಡರು; ಜಿಮ್‌ಖಾನಾ, ಶಾಲೆ, ಗ್ರಂಥಾಲಯದ ಜೊತೆಗೆ ಮರಗಳನ್ನೂ ಕಾಲೊನಿಯ ಆಸ್ತಿ ಎಂದು ಎಣಿಸಿದರು. ಒಂದು ಮರ ಹೋದರೆ ಕೇಳುವವರಿದ್ದರು. ಅಲ್ಲಿಂದ ಒಂದೂವರೆ ಎರಡು ಕಿಲೋಮೀಟರ್ ಆಚೆಗೆ, ರೈಲ್ವೆ ಹಳಿಯ ಪೂರ್ವಕ್ಕೆ ಬಂದರೆ ನೆರಳಿನ ಲೆಕ್ಕವೇ ಬದಲಾಗುತ್ತದೆ. ನಗರದ ಯೋಜನೆಯ ಗೆರೆ ಎಲ್ಲಿ ನಿಂತಿತೋ, ಮರದ ಸಾಲೂ ಬಹುತೇಕ ಅಲ್ಲೇ ನಿಂತಿತು.

ಮೂರನೆಯ ಅಧ್ಯಾಯ ಹಸಿವಿನದು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಿತು. 1943ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ರೇಷನ್ ಬಂತು. ಸರ್ಕಾರ ‘ಗ್ರೋ ಮೋರ್ ಫುಡ್’ ಎಂದು ಕೂಗು ಹಾಕಿತು. ಸ್ವಾತಂತ್ರ್ಯದ ನಂತರವೂ ಆ ಹೆಸರು ಉಳಿಯಿತು: ರೈಲ್ವೆ ತನ್ನ ನೌಕರರಿಗೆ ಹಳಿಯ ಬದಿಯ ಖಾಲಿ ಜಾಗವನ್ನು ತರಕಾರಿ ಬೆಳೆಯಲು ಕೊಡುತ್ತಿದ್ದ ಯೋಜನೆಗೂ ಅದೇ ಹೆಸರು. ಲೋಕಲ್ ರೈಲಿನ ಕಿಟಕಿಯಿಂದ ಕಂಡ ಪಾಲಕ್, ಬೆಂಡೆ, ಕೆಸುವಿನ ಮಡಿಗಳು ಆ ಯುದ್ಧಕಾಲದ ಕೂಗಿನ ಮೊಮ್ಮಕ್ಕಳು. ಆಹಾರ ಸಚಿವರಾಗಿದ್ದ ಕೆ. ಎಂ. ಮುನ್ಶಿ 1950ರಲ್ಲಿ ವನಮಹೋತ್ಸವ ಆರಂಭಿಸಿದರು. 1957ರಲ್ಲಿ ಮುಂಬಯಿಯಲ್ಲಿ ‘ಫ್ರೆಂಡ್ಸ್ ಆಫ್ ದ ಟ್ರೀಸ್’ ಎಂಬ ಹವ್ಯಾಸಿ ಸಂಘ ಹುಟ್ಟಿತು. 1975ರಲ್ಲಿ ಮಹಾರಾಷ್ಟ್ರದ ನಗರಗಳಿಗೆ ಮರ ರಕ್ಷಣೆಯ ಕಾಯಿದೆ ಬಂತು; ಸ್ವಂತ ಕಂಪೌಂಡಿನ ಮರ ಕಡಿಯಲೂ ಅನುಮತಿ ಬೇಕಾಯಿತು. ನೆಟ್ಟವನು ಮನೆ ಬಿಟ್ಟುಹೋದ ಮೇಲೂ ಮರದ ಪರವಾಗಿ ನಿಲ್ಲುವ ಕಾಗದವೊಂದು ಹೀಗೆ ಸಿಕ್ಕಿತು.

ಈ ದಶಕಗಳಲ್ಲೇ ನಮ್ಮವರು ಇಲ್ಲಿಗೆ ಬಂದದ್ದು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು, ಕರ್ನಾಟಕ ಸಂಘ 1933ರದ್ದು. ಉಡುಪಿ ಕಡೆಯ ರಾಮ ನಾಯಕರು ಮಾಟುಂಗ ಸ್ಟೇಷನ್ ಪಕ್ಕದಲ್ಲಿ ಬಾಳೆ ಎಲೆಯ ಊಟ ಬಡಿಸಲು ತೊಡಗಿದ್ದು 1942ರಲ್ಲಿ. ಸಂಘ, ನಾಟಕ, ಊಟ, ರಾತ್ರಿಶಾಲೆ ಇವುಗಳ ಚರಿತ್ರೆಯನ್ನು ನಮ್ಮವರು ಬರೆದಿದ್ದಾರೆ. ಕಿಟಕಿಯ ಗ್ರಿಲ್ಲಿನ ಚರಿತ್ರೆ ಬರೆಯುವುದು ಬಾಕಿ ಇದೆ. ಎಣ್ಣೆ ಡಬ್ಬದಲ್ಲಿ ಹಬ್ಬಿದ ಬಸಳೆ, ಒಡೆದ ಬಕೆಟ್ಟಿನ ಕರಿಬೇವು, ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆ, ಮಳೆಗಾಲದ ಪತ್ರೊಡೆಗೆ ನಲ್ಲಿಯ ಬಚ್ಚಲು ನೀರಿನಲ್ಲಿ ಬೆಳೆದ ಕೆಸು, ನಾಗರಪಂಚಮಿಯ ಕಡುಬಿಗೆ ಅರಿಶಿನದ ಎಲೆ: ಊರಿಂದ ಬಂದ ಬಸ್ಸಿನಲ್ಲಿ ಒದ್ದೆ ಬಟ್ಟೆ ಸುತ್ತಿ ತಂದ ಬಳ್ಳಿಯ ತುಂಡುಗಳಿಂದಲೇ ಇವೆಲ್ಲ ಹಬ್ಬಿದ್ದು. ಒಂದು ಮನೆಯಲ್ಲಿ ಬೇರೂರಿದ್ದು ಹತ್ತು ಮನೆಗೆ ಹೋಗುತ್ತಿತ್ತು. ಸದಸ್ಯತ್ವ, ಚಂದಾ, ಅಧ್ಯಕ್ಷರು ಇಲ್ಲದ ಈ ಕೊಡುಕೊಳ್ಳುವಿಕೆಯೇ ನಮ್ಮ ಮೊದಲ ಗಾರ್ಡನ್ ಕ್ಲಬ್ಬು. ಮನೆ ಬದಲಾಯಿಸಿದವರ ಬಸಳೆ ಸಾಯದಿರಲು ಕಾರಣವೂ ಅದೇ. ಅದು ಆಗಲೇ ಪಕ್ಕದ ಮನೆಯಲ್ಲಿ ಹಬ್ಬಿರುತ್ತಿತ್ತು.

ಆಂಟಾಪ್ ಹಿಲ್‌ಗೆ ಇದರಲ್ಲಿ ವಿಶೇಷ ಸ್ಥಾನವಿದೆ. ಇಲ್ಲಿ ಸೆಕ್ಟರುಗಳಾಗಿ ಹಂಚಿದ ಕೇಂದ್ರ ಸರ್ಕಾರಿ ನೌಕರರ ದೊಡ್ಡ ವಸತಿ ಕಾಲೊನಿ ಇದೆ. ಹತ್ತಿರದಲ್ಲೇ ಪೋರ್ಟ್ ಟ್ರಸ್ಟ್‌ನ ನಾಡಕರ್ಣಿ ಪಾರ್ಕ್ ವಸತಿ, ಸುತ್ತ ಚಾಳುಗಳು, ಝೋಪಡಪಟ್ಟಿಗಳು, ಈಚಿನ ಎತ್ತರದ ಕಟ್ಟಡಗಳು ಇವೆ. ಕ್ವಾರ್ಟರ್ಸಿನಲ್ಲಿ ಇರುವವರಿಗೆ ಆ ಮನೆ ತಮ್ಮದಲ್ಲ ಎಂದು ಮೊದಲ ದಿನದಿಂದಲೇ ಗೊತ್ತು. ವರ್ಗಾವಣೆ ಬಂದರೆ ಹೊರಡಬೇಕು, ನಿವೃತ್ತಿಯಾದರೆ ಬೀಗದ ಕೈ ಒಪ್ಪಿಸಬೇಕು. ಆದರೂ ಇಂಥ ಕಾಲೊನಿಗಳ ನೆಲಮಹಡಿಯ ಮನೆಗಳ ಎದುರು ಬೇಲಿ ಕಟ್ಟಿದ ತುಂಡು ಹಿತ್ತಿಲಿನಲ್ಲಿ ನುಗ್ಗೆ, ಬಾಳೆ, ತುಳಸಿ, ಮಾವು ಬೆಳೆಯುತ್ತ ಬಂದಿವೆ. ಮಾವಿನ ಮೊದಲ ಹಣ್ಣು ತಿನ್ನುವವರು ಬೇರೆಯವರು ಎಂದು ತಿಳಿದೇ ನೆಟ್ಟವರ ಗಿಡಗಳು ಅವು.

ನಾಲ್ಕನೆಯ ಅಧ್ಯಾಯ ನೆಲವೇ ಇಲ್ಲದ ಕಾಲದ್ದು. 1990ರ ದಶಕದ ಹೊತ್ತಿಗೆ ಮಹಡಿಗಳು ಏರಿದವು, ಹಿತ್ತಿಲು ಪಾರ್ಕಿಂಗ್ ಆಯಿತು. ಆಗ ಬಾಂದ್ರಾದ ಟೆರೇಸಿನಲ್ಲಿ ಡಾ. ಆರ್. ಟಿ. ದೋಶಿ ಕಬ್ಬಿನ ಸಿಪ್ಪೆ, ಗೊಬ್ಬರ, ಸ್ವಲ್ಪ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲ, ಹಳೆಯ ಡ್ರಮ್ಮುಗಳಲ್ಲಿ ಹಣ್ಣು ತರಕಾರಿ ಬೆಳೆದು ತೋರಿಸಿದರು. 2002ರ ಸುಮಾರಿಗೆ ಮುಂಬಯಿ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ಅಧಿಕಾರಿ ಪ್ರೀತಿ ಪಾಟೀಲ್ ಇನ್ನೊಂದು ಹೆಜ್ಜೆ ಇಟ್ಟರು. ಕ್ಯಾಂಟೀನಿನಲ್ಲಿ ದಿನವೂ ಉಳಿಯುವ ತರಕಾರಿ ಸಿಪ್ಪೆಯನ್ನು ಕಸದ ಲಾರಿಗೆ ಕೊಡುವ ಬದಲು ಅದೇ ಕಟ್ಟಡದ ಸುಮಾರು 3,000 ಚದರ ಅಡಿಯ ಟೆರೇಸಿಗೆ ಹತ್ತಿಸಿದರು. ಅಲ್ಲಿ ಅದು ಮಣ್ಣಾಯಿತು, ಮಣ್ಣಿನಲ್ಲಿ ಚಿಕ್ಕು, ಪೇರಲೆ, ಸೊಪ್ಪು ಬಂದವು. ಇದರ ಹಿಂದೆ ಇದ್ದದ್ದು ಮಹಾರಾಷ್ಟ್ರದ ಪ್ರಯೋಗಶೀಲ ಕೃಷಿಚಿಂತಕ ಶ್ರೀಪಾದ ದಾಭೋಲಕರರ ಮಾರ್ಗ: ಒಣ ಎಲೆಯನ್ನು ಬೆಲ್ಲ, ಸಗಣಿ, ಗೋಮೂತ್ರದ ದ್ರಾವಣದಲ್ಲಿ ನೆನೆಸಿ, ಪದರ ಪದರವಾಗಿ ಪೇರಿಸಿ, ಮಗುಚಿ, ಕೆಲವು ತಿಂಗಳಲ್ಲಿ ಹೊಸ ಮಣ್ಣು ಮಾಡುವುದು. ಪ್ರೀತಿ ಪಾಟೀಲ್ ಮುಂದೆ ‘ಅರ್ಬನ್ ಲೀವ್ಸ್’ ಎಂಬ ಸ್ವಯಂಸೇವಕರ ಗುಂಪು ಕಟ್ಟಿ ನಗರದ ಬೇರೆ ಟೆರೇಸುಗಳಿಗೂ ಈ ವಿದ್ಯೆ ಹಂಚಿದರು.

ಉಪ್ಪಿನ ನೆಲದವರಿಗೆ ಇದು ದೊಡ್ಡ ಮಾತು. ನೆಲದ ಮಣ್ಣು ಕೆಟ್ಟಿದ್ದರೂ ಪರವಾಗಿಲ್ಲ, ಅಡುಗೆಮನೆಯ ಸಿಪ್ಪೆ ಮತ್ತು ಬೀದಿಯ ಒಣ ಎಲೆಯಿಂದ ಮಣ್ಣನ್ನೇ ಮಾಡಬಹುದು. ಆಂಟಾಪ್ ಹಿಲ್‌ನಿಂದ ಹೆಚ್ಚು ದೂರವಿಲ್ಲದ ಧಾರಾವಿ ಅಂಚಿನ ಮಹಾರಾಷ್ಟ್ರ ನೇಚರ್ ಪಾರ್ಕ್ ಇದರ ದೊಡ್ಡ ಸಾಕ್ಷಿ. ನಗರದ ಕಸ ಸುರಿಯುತ್ತಿದ್ದ 37 ಎಕರೆ ಜಾಗವದು. 1983ರಲ್ಲಿ ಪಕ್ಷಿತಜ್ಞ ಸಾಲಿಂ ಅಲಿ ಅಲ್ಲಿ ಮೊದಲ ಸಸಿ ನೆಟ್ಟರು. 1994ರಲ್ಲಿ ಅದು ಕಾಡಾಗಿ ಜನರಿಗೆ ತೆರೆಯಿತು. ಇತ್ತ ಬೆಂಗಳೂರಿನಲ್ಲಿ ಡಾ. ಬಿ. ಎನ್. ವಿಶ್ವನಾಥ್ ಇದೇ ಕಾಲದಲ್ಲಿ ತಾರಸಿ ಕೃಷಿ ಕಲಿಸುತ್ತಿದ್ದರು. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಸಂತೆಗಳಲ್ಲಿ ಬೀಜ, ಸಸಿ, ಅನುಭವ ಕೈಬದಲಾದವು. ಹೆಸರಿನಲ್ಲೇ ಎರಡು ಭಾಷೆ ಬೆರೆತ ಆ ಸಂತೆ ನಗರದ ಕನ್ನಡಿಗನ ತೋಟ ಹೇಗಿರುತ್ತದೆ ಎಂಬುದನ್ನು ಚೆನ್ನಾಗಿಯೇ ಹೇಳುತ್ತದೆ.

ಐದನೆಯ ಅಧ್ಯಾಯದಲ್ಲಿ ಒಂದು ಗೆಲುವು, ಒಂದು ಎಚ್ಚರಿಕೆ ಎರಡೂ ಇವೆ. ಮಾಟುಂಗದ ಅಂಬೇಡ್ಕರ್ ರಸ್ತೆಯ ಫ್ಲೈಓವರ್ ಕೆಳಗಿನ ಜಾಗ ಕಸ, ವಾಹನ, ನಶೆಯವರ ಪಾಲಾಗುತ್ತಿದ್ದಾಗ ಅಲ್ಲಿನ ನಿವಾಸಿಗಳು ತಾವೇ ಕಾವಲಿನವರನ್ನು ಇಟ್ಟರು, ಪಾಲಿಕೆಯ ಬೆನ್ನು ಹತ್ತಿದರು. 2016ರಲ್ಲಿ ಅಲ್ಲಿ ನರ್ಮದಾ ನದಿಯ ಹರಿವಿನ ಆಕಾರದ ಸುಮಾರು 600 ಮೀಟರ್ ಕಾಲುದಾರಿ ಇರುವ ತೋಟ ತೆರೆಯಿತು. ಅದೇ ವರ್ಷದ ಜನವರಿಯಲ್ಲಿ ಪಾಲಿಕೆ ತನ್ನ ಮೈದಾನ, ಉದ್ಯಾನಗಳನ್ನು ಖಾಸಗಿ ಸಂಸ್ಥೆಗಳಿಗೆ ದತ್ತು ಕೊಡುವ ನೀತಿಯನ್ನು ಒಪ್ಪಿತು. ನಾಗರಿಕರ ಗುಂಪುಗಳು ಬಲವಾಗಿ ವಿರೋಧಿಸಿದವು, ಏಕೆಂದರೆ ಹಿಂದೆ ಹೀಗೆ ದತ್ತು ಹೋದ ಕೆಲವು ಜಾಗಗಳಲ್ಲಿ ಬಾಗಿಲು, ಶುಲ್ಕ, ಕ್ಲಬ್ಬು ಎದ್ದಿದ್ದವು. ನೀತಿಯನ್ನು ತಡೆಹಿಡಿಯಲಾಯಿತು, ದತ್ತು ಕೊಟ್ಟ ಜಾಗಗಳನ್ನು ವಾಪಸ್ ಪಡೆಯಲು ಪಾಲಿಕೆ ಹೊರಟಿತು. ಅಂದರೆ ನೋಡಿಕೊಳ್ಳುವುದು ಬೇರೆ, ವಶಪಡಿಸಿಕೊಳ್ಳುವುದು ಬೇರೆ. ಎರಡೂ ಒಂದೇ ಬೇಲಿಯಿಂದ ಶುರುವಾಗುತ್ತವೆ. ನಮ್ಮ ಬಡಾವಣೆಯ ಸಣ್ಣ ಗುಂಪಿಗೂ ಈ ಮಾತು ಅನ್ವಯಿಸುತ್ತದೆ: ಕಟ್ಟಡದ ಮಕ್ಕಳನ್ನು ಒಳಗೆ ಬಿಟ್ಟು, ಆಚೆ ಗಲ್ಲಿಯ ಮಕ್ಕಳನ್ನು ಗದರಿಸಿ ಓಡಿಸುವ ತೋಟಕ್ಕೆ ಸಾರ್ವಜನಿಕ ಎಂಬ ಹೆಸರು ಒಪ್ಪುವುದಿಲ್ಲ.

2017ರಲ್ಲಿ ಪಾಲಿಕೆ ದೊಡ್ಡ ವಸತಿ ಸಂಕೀರ್ಣಗಳು, ದಿನಕ್ಕೆ 100 ಕಿಲೋಗಿಂತ ಹೆಚ್ಚು ಹಸಿ ಕಸ ಮಾಡುವವರು, ಅದನ್ನು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದು ಹೇಳಿತು. ಹಲವು ಸೊಸೈಟಿಗಳಿಗೆ ಇದು ಕಿರಿಕಿರಿ ಆಯಿತು. ತೋಟದ ಗುಂಪಿದ್ದ ಕಡೆ ಅದೇ ವರವಾಯಿತು, ಏಕೆಂದರೆ ಗೊಬ್ಬರಕ್ಕೆ ಗಿರಾಕಿ ಮನೆಯಲ್ಲೇ ಇದ್ದ.

ಇಷ್ಟು ಅಧ್ಯಾಯಗಳನ್ನು ಓದಿದ ಮೇಲೆ ಕಣ್ಣಿಗೆ ಬೀಳುವುದು ಒಂದೇ ಸಂಗತಿ. 1830ರ ಸಂಘ, ಜೋಶಿಯವರ ಕಾಲೊನಿ, ಪೋರ್ಟ್ ಟ್ರಸ್ಟಿನ ಟೆರೇಸು, ಕಿಟಕಿಯ ಬಸಳೆ: ಎಲ್ಲ ಕಡೆಯೂ ನೆಡುವವರಿಗೆ ಬರವಿರಲಿಲ್ಲ. ಉಳಿದದ್ದು, ನೆಟ್ಟವರು ಇನ್ನೊಬ್ಬರ ಕೈಗೆ ಒಪ್ಪಿಸಿದ ತೋಟ ಮಾತ್ರ. ನಮ್ಮ ಪೀಳಿಗೆಗೆ ಇದು ಹೆಚ್ಚು ಕಷ್ಟದ ವಿಷಯ. ನಮ್ಮಲ್ಲಿ ಅನೇಕರು 11 ತಿಂಗಳ ಬಾಡಿಗೆ ಒಪ್ಪಂದದವರು. ಎರಡು ವರ್ಷಕ್ಕೊಮ್ಮೆ ಕಂಪನಿ, ಮೂರು ವರ್ಷಕ್ಕೊಮ್ಮೆ ಊರು ಬದಲಾಗುತ್ತದೆ. ಹಳೆಯ ಕಟ್ಟಡಗಳು ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಜೂನ್‌ನಲ್ಲಿ ಉತ್ಸಾಹದಿಂದ ನೆಟ್ಟ ಸಸಿ ಮಳೆ ಇರುವ ತನಕ ತಾನೇ ಬೆಳೆಯುತ್ತದೆ. ಅದರ ಪರೀಕ್ಷೆ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ, ನೆಟ್ಟವರು ಪರೀಕ್ಷೆಗೋ ಮದುವೆಗೋ ಊರಿಗೆ ಹೋದಾಗ. ಫೋಟೋ ತೆಗೆಯುವುದು ಜೂನ್‌ನಲ್ಲಿ, ಗಿಡ ಸಾಯುವುದು ಮೇನಲ್ಲಿ.

ಆದ್ದರಿಂದ ಗುಂಪು ಕಟ್ಟುವವರು ಸಸಿಗಿಂತ ಮೊದಲು ಮೂರು ಕೆಲಸ ಮಾಡಿಕೊಂಡರೆ ಒಳ್ಳೆಯದು. ನಾಲ್ಕು ತಿಂಗಳ ಬೇಸಗೆಗೆ ನೀರಿನ ಪಾಳಿ ಹಂಚಿ, ಪ್ರತಿ ಪಾಳಿಗೂ ಇಬ್ಬರ ಹೆಸರು ಬರೆಯುವುದು, ಒಬ್ಬರು ಬಾಡಿಗೆಯವರಾದರೆ ಇನ್ನೊಬ್ಬರು ಅಲ್ಲೇ ಬಹುಕಾಲ ಇರುವವರು. ಯಾವ ಮರ, ಯಾವ ವರ್ಷ, ಯಾವ ಜಾಗ ಎಂದು ಒಂದು ನೋಟುಬುಕ್ಕಿನಲ್ಲಿ ದಾಖಲಿಸಿ ಸೊಸೈಟಿ ಕಚೇರಿಯಲ್ಲಿ ಇಡುವುದು. ನಾಳೆ ಕಟ್ಟಡ ಒಡೆಯುವ ದಿನ ಬಂದರೆ ಮರದ ಲೆಕ್ಕ ಕೊಡಲು ಅದೇ ಆಧಾರ, ರಾಣಿಬಾಗಿನ ಮಹಿಳೆಯರು ತೋರಿಸಿದ ದಾರಿಯದು. ಮೂರನೆಯದು, ಪ್ರತಿ ಗಿಡದಿಂದಲೂ ಒಂದು ತುಂಡು, ಒಂದು ಬೀಜ, ಇನ್ನೊಂದು ಮನೆಗೆ ಕೊಟ್ಟಿರುವುದು. ಆಂಟಾಪ್ ಹಿಲ್‌ನಿಂದ ಠಾಣೆಗೋ, ನವಿ ಮುಂಬಯಿಗೋ, ಬೆಂಗಳೂರಿಗೋ ಸಾಮಾನು ಕಟ್ಟುವಾಗ ಕುಂಡಗಳನ್ನು ಲಾರಿಗೆ ಹೇರುವ ಮುನ್ನ ಪಕ್ಕದ ಮನೆಯ ಬಾಗಿಲು ತಟ್ಟಿ. ಬಸಳೆಯ ಒಂದು ಗೇಣು ಬಳ್ಳಿ ಸಾಕು, ಒಂದು ಮಳೆ ಬಿದ್ದರೆ ಚಿಗುರುತ್ತದೆ.